ಓಡುತ್ತಿರುವ ಕ್ಲೌಡ್‌ನ ಅಡಿಯಿಂದ ಸರ್ವರ್ ಸಾಗಿಸಿದ್ದು: ನನ್ನ ಅನುಭವ

ನಮ್ಮ ಹೋಸ್ಟಿಂಗ್ ಕ್ಲೌಡ್ ಇದ್ದ ಹಳೇ ಹಾಲ್‌ನಲ್ಲಿ ಕರೆಂಟೂ ಸಾಲದು, ಕೂಲಿಂಗೂ ಸಾಲದು ಅನ್ನುವ ಸ್ಥಿತಿ ಬಂದಿತ್ತು. ಅದೇ ಕಟ್ಟಡದಲ್ಲಿ ಹೊಸ ಹಾಲ್ ಸಿದ್ಧವಾಯಿತು. ಎಲ್ಲ ಸರ್ವರ್‌ಗಳನ್ನೂ ಅಲ್ಲಿಗೆ ಸಾಗಿಸಬೇಕು, ಆದರೆ ಅವುಗಳ ಮೇಲೆ ಓಡುತ್ತಿರುವ ಗ್ರಾಹಕರ ವಿಎಂಗಳು (ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್‌ಗಳು) ನಿಲ್ಲಬಾರದು. ಈ ಕೆಲಸ ನನ್ನ ಪಾಲಿಗೆ ಬಂತು. ನಾಳೆ ನಿಮ್ಮ ಪಾಲಿಗೂ ಬರಬಹುದು, ಅದಕ್ಕೇ ನಾವು ಮಾಡಿದ ರೀತಿಯನ್ನು ಬರೆಯುತ್ತಿದ್ದೇನೆ.

ಸರ್ವರ್ ಬಿಚ್ಚುವುದು, ಟ್ರಾಲಿ ಮೇಲೆ ತಳ್ಳಿಕೊಂಡು ಹೋಗುವುದು, ಮತ್ತೆ ಜೋಡಿಸುವುದು ಇದರಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಇರುವುದು ಬಿಚ್ಚುವ ಮುಂಚೆ ಅದರ ವಿಎಂಗಳನ್ನು ಬೇರೆ ಕಡೆ ಕಳಿಸಿ ಅದನ್ನು ಸರಿಯಾಗಿ ಖಾಲಿ ಮಾಡುವುದರಲ್ಲಿ, ಜೋಡಿಸಿದ ಮೇಲೆ ಅದನ್ನು ನಂಬುವ ಮುಂಚೆ ಪರೀಕ್ಷೆ ಮಾಡುವುದರಲ್ಲಿ. ಮೇಲಿನವರು ಕೇಳುವುದು ಮಾತ್ರ ಒಂದೇ ಪ್ರಶ್ನೆ, "ಒಂದು ಸರ್ವರ್ ಸಾಗಿಸೋಕೆ ಎಷ್ಟು ಹೊತ್ತು?" ಅದಕ್ಕೆ ಉತ್ತರ ಹೇಳುವಾಗ ಈ ಎರಡನ್ನೂ ಸೇರಿಸಿಯೇ ಹೇಳಿ.

ನಮ್ಮದು ಕೆವಿಎಂ ಹೋಸ್ಟ್‌ಗಳು, ಅಂದರೆ ಲಿನಕ್ಸ್‌ನ ಕೆವಿಎಂ ಮೂಲಕ ವಿಎಂಗಳನ್ನು ಓಡಿಸುವ ಸರ್ವರ್‌ಗಳು. ವಿಎಂಗಳ ಡಿಸ್ಕ್‌ಗಳೆಲ್ಲ ಸೆಫ್‌ನಲ್ಲಿ (ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಸ್ಟೋರೇಜ್ ಮಾಡುವ ಸಾಫ್ಟ್‌ವೇರ್), ಪ್ರತಿ ಡೇಟಾಗೂ 3 ಪ್ರತಿ. ಎರಡೂ ಹಾಲ್‌ಗಳ ನಡುವೆ ಫೈಬರ್ ಎಳೆದು, ಅವೇ ವಿಲ್ಯಾನ್‌ಗಳು (ಒಂದೇ ಸ್ವಿಚ್‌ಗಳ ಮೇಲೆ ಬೇರೆ ಬೇರೆಯಾಗಿ ಮಾಡಿದ ನೆಟ್‌ವರ್ಕ್‌ಗಳು) ಎರಡೂ ಕಡೆ ಸಿಗುವಂತೆ ಮಾಡಿಕೊಂಡೆವು. ವಿಎಂ ಯಾವ ಹಾಲ್‌ನಲ್ಲಿದ್ದರೂ ಅದರ ಐಪಿ ಬದಲಾಗಬಾರದು. ಇಷ್ಟು ಇಲ್ಲದಿದ್ದರೆ ಉಳಿದದ್ದು ಯಾವುದೂ ಆಗುತ್ತಿರಲಿಲ್ಲ.

ಶುರು ಮಾಡಿದ್ದು ಪಟ್ಟಿಯಿಂದ. ಯಾವ ಸರ್ವರ್, ಯಾವ ರ‍್ಯಾಕ್, ಎಷ್ಟನೇ ಯು (ಅದರಲ್ಲಿ ಎಷ್ಟನೇ ಅಂತಸ್ತು), ಯಾವ ಪೋರ್ಟ್‌ಗೆ ಯಾವ ಕೇಬಲ್. ಹಳೇ ಶೀಟ್ ಒಂದಿತ್ತು, ಆದರೆ ಎಷ್ಟೋ ಕೈ ಬದಲಾದ ಶೀಟನ್ನು ನಂಬಲು ಆಗುವುದಿಲ್ಲ. ಹಾಗಾಗಿ ಯಂತ್ರಗಳನ್ನೇ ಕೇಳಿದೆವು. ಎಲ್‌ಎಲ್‌ಡಿಪಿ (ಕೇಬಲ್‌ನ ಎರಡು ತುದಿಯ ಸಾಧನಗಳು ಪರಸ್ಪರ ಗುರುತು ಹೇಳಿಕೊಳ್ಳುವ ಪ್ರೋಟೊಕಾಲ್) ಹಾಕಿದ್ದರೆ ಸರ್ವರ್‌ನ ಪ್ರತಿ ಪೋರ್ಟೂ ತಾನು ಯಾವ ಸ್ವಿಚ್‌ನ ಯಾವ ಪೋರ್ಟ್‌ಗೆ ಸೇರಿದ್ದೇನೆ ಅಂತ ತಾನೇ ಹೇಳುತ್ತದೆ. ಎಲ್ಲ ಹೋಸ್ಟ್‌ಗಳಿಂದ ಅದನ್ನು ಸ್ಕ್ರಿಪ್ಟ್ ಮೂಲಕ ತೆಗೆದು ಶೀಟ್ ಜೊತೆ ಹೋಲಿಸಿದಾಗ ಹೊಂದದ ಸಾಲುಗಳು ಸಾಕಷ್ಟು ಸಿಕ್ಕವು. ಅವನ್ನು ಕಣ್ಣಿಂದ ನೋಡಿ ಸರಿಪಡಿಸಿದೆವು. ಕೇಬಲ್‌ನ ಎರಡೂ ತುದಿಗೆ ಲೇಬಲ್ ಅಂಟಿಸಿ, ಸರ್ವರ್‌ನ ಹಿಂಭಾಗದ ಫೋಟೋ ತೆಗೆದು ಪಟ್ಟಿಗೆ ಸೇರಿಸಿದೆವು.

ಇನ್ನು ಖಾಲಿ ಮಾಡುವ ವಿಷಯ. ಓಡುತ್ತಿರುವ ವಿಎಂಅನ್ನು ನಿಲ್ಲಿಸದೆ ಇನ್ನೊಂದು ಹೋಸ್ಟ್‌ಗೆ ಸಾಗಿಸುವುದು ಹೊಸದೇನಲ್ಲ. ವಿಎಂವೇರ್ ಕಂಪನಿ 2003ರಲ್ಲೇ ವಿಮೋಷನ್ ಹೆಸರಿನಲ್ಲಿ ಇದನ್ನು ತಂದಿತ್ತು. ಕೆವಿಎಂ ಜೊತೆ ವಿಎಂ ಓಡಿಸಲು ನಾವು ಬಳಸುವ ಕ್ಯೂಎಮು ಕೂಡ ಮೂಲದಲ್ಲಿ ಅದನ್ನೇ ಮಾಡುತ್ತದೆ. ವಿಎಂ ಓಡುತ್ತಿರುವಾಗಲೇ ಅದರ ಮೆಮೊರಿಯನ್ನೆಲ್ಲ ಒಂದು ಸಲ ಆ ಕಡೆಗೆ ನಕಲು ಮಾಡುತ್ತದೆ. ಅಷ್ಟರಲ್ಲಿ ವಿಎಂ ಬರೆದು ಬದಲಿಸಿದ ಪೇಜ್‌ಗಳನ್ನು (ಮೆಮೊರಿಯ ತುಣುಕುಗಳನ್ನು) ಮತ್ತೆ ಕಳಿಸುತ್ತದೆ. ಆಮೇಲೆ ಮತ್ತೆ ಬದಲಾದವನ್ನು. ಉಳಿದದ್ದು ಸ್ವಲ್ಪವೇ ಆದಾಗ ವಿಎಂಅನ್ನು ಕ್ಷಣ ನಿಲ್ಲಿಸಿ, ಕೊನೆಯ ತುಣುಕು ಕಳಿಸಿ, ಆ ಕಡೆ ಎಬ್ಬಿಸುತ್ತದೆ. ಈ ನಿಲುಗಡೆಗೆ ಡೀಫಾಲ್ಟ್ ಮಿತಿ 300 ಮಿಲಿಸೆಕೆಂಡ್.

ಸಣ್ಣ ವಿಎಂಗಳಲ್ಲಿ ಇದು ಸಲೀಸು. ದೊಡ್ಡ ಡೇಟಾಬೇಸ್ ವಿಎಂಗಳು ಹಾಗಲ್ಲ. 10 ಗಿಗಾಬಿಟ್ ಲಿಂಕ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 1.25 ಗಿಗಾಬೈಟ್. 64 ಗಿಗಾಬೈಟ್ ಮೆಮೊರಿ ಇರುವ ವಿಎಂನ ಮೊದಲ ಸುತ್ತಿಗೇ ಒಂದು ನಿಮಿಷದ ಹತ್ತಿರ ಬೇಕು. ಆ ಹೊತ್ತಿನಲ್ಲಿ ಅದು ಮೆಮೊರಿಗೆ ಬರೆಯುವ ವೇಗ ಲಿಂಕ್‌ನ ವೇಗವನ್ನೇ ಮೀರಿದರೆ ಮುಗಿಯುವ ಮಾತೇ ಇಲ್ಲ. ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ, ಸುತ್ತಿನ ಮೇಲೆ ಸುತ್ತು ಹೋಗುತ್ತಲೇ ಇರುತ್ತದೆ. ಇದಕ್ಕೆ ಎರಡು ದಾರಿ ಇವೆ. ಆಟೋ ಕನ್ವರ್ಜ್ ಹಾಕಿದರೆ ಕ್ಯೂಎಮು ವಿಎಂನ ಸಿಪಿಯುವನ್ನೇ ನಿಧಾನ ಮಾಡಿ ಬರೆಯುವ ವೇಗ ತಗ್ಗಿಸುತ್ತದೆ. ಪೋಸ್ಟ್ ಕಾಪಿಯಲ್ಲಿ ವಿಎಂ ಮೊದಲು ಆ ಕಡೆ ಎದ್ದು, ಬೇಕಾದ ಪೇಜ್‌ಗಳನ್ನು ಆಮೇಲೆ ತರಿಸಿಕೊಳ್ಳುತ್ತದೆ.

ನಾನು ಪೋಸ್ಟ್ ಕಾಪಿ ಬೇಡ ಅಂದೆ. ಅದು ನಡೆಯುವಾಗ ವಿಎಂನ ಮೆಮೊರಿ ಎರಡು ಹೋಸ್ಟ್‌ಗಳಲ್ಲಿ ಹಂಚಿಹೋಗಿರುತ್ತದೆ. ನಡುವೆ ಲಿಂಕ್ ಹೋದರೆ ಈ ಕಡೆಯದೂ ಪೂರ್ತಿ ಇಲ್ಲ, ಆ ಕಡೆಯದೂ ಪೂರ್ತಿ ಇಲ್ಲ. ಹೊಸದಾಗಿ ಎಳೆದ ಫೈಬರ್ ಮೇಲೆ ಬೇರೆಯವರ ಡೇಟಾಬೇಸನ್ನು ಹಾಗೆ ಪಣಕ್ಕಿಡಲು ನನಗೆ ಮನಸ್ಸು ಬರಲಿಲ್ಲ. ಬದಲಿಗೆ ಆ ಗ್ರಾಹಕರ ಜೊತೆ ಮಾತಾಡಿ, ಅವರ ಲೋಡ್ ಕಡಿಮೆ ಇರುವ ಹೊತ್ತು ಕೇಳಿಕೊಂಡು, ಆಗ ಆಟೋ ಕನ್ವರ್ಜ್ ಹಾಕಿ ಸಾಗಿಸಿದೆವು. ಇಲ್ಲಿ ಟೂಲ್‌ಗಿಂತ ಮಾತುಕತೆಯೇ ಜಾಸ್ತಿ ಉಪಯೋಗಕ್ಕೆ ಬಂತು.

ಸಿಪಿಯು ಮಾಡೆಲ್ ಇನ್ನೊಂದು ತೊಡಕು. ವಿಎಂಗೆ ಹೋಸ್ಟ್‌ನ ಸಿಪಿಯುವನ್ನು ಇದ್ದ ಹಾಗೇ ತೋರಿಸಿದ್ದರೆ, ಹೊಸ ಪೀಳಿಗೆಯ ಹೋಸ್ಟ್‌ನಿಂದ ಹಳೆಯದಕ್ಕೆ ಅದು ಹೋಗಲಾರದು. ಓಡುತ್ತಿರುವ ಪ್ರೋಗ್ರಾಂ ಆ ಕಡೆ ಇಲ್ಲದ ಇನ್‌ಸ್ಟ್ರಕ್ಷನ್ ಕೇಳಿದರೆ ಅಲ್ಲೇ ಸತ್ತುಹೋಗುತ್ತದೆ. ನಮ್ಮ ಬಹುಪಾಲು ವಿಎಂಗಳಿಗೆ ಎಲ್ಲ ಹೋಸ್ಟ್‌ಗಳಿಗೂ ಒಪ್ಪುವ ಒಂದು ಕನಿಷ್ಠ ಮಾಡೆಲ್ ಕೊಟ್ಟಿದ್ದರಿಂದ ಎತ್ತ ಬೇಕಾದರೂ ಕಳಿಸಬಹುದಿತ್ತು. ಉಳಿದವುಗಳ ಸಾಗಣೆ ಸಮಾನ ಪೀಳಿಗೆಯ ಹೋಸ್ಟ್‌ಗಳ ನಡುವೆ ಮಾತ್ರ. ಜಿಪಿಯು ಕಾರ್ಡನ್ನು ನೇರವಾಗಿ ಜೋಡಿಸಿದ ವಿಎಂಗಳನ್ನು ನಿಲ್ಲಿಸದೆ ಸಾಗಿಸುವ ದಾರಿ ನಮ್ಮಲ್ಲಿ ಇರಲಿಲ್ಲ. ಆ ಗ್ರಾಹಕರಿಗೆ ಅದನ್ನು ನೇರವಾಗಿ ಹೇಳಿ ಸಮಯ ಪಡೆದೆವು.

ಗ್ರಾಹಕರು ತಾವೇ ಕ್ಲಸ್ಟರ್ (ಒಂದು ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ವಿಎಂಗಳ ಗುಂಪು) ಕಟ್ಟಿಕೊಂಡಿದ್ದರೆ ಎರಡು ವಿಷಯ ನೋಡಿಕೊಳ್ಳಿ. ಒಂದು, ಜಾಗ ಕಮ್ಮಿಯಾಯಿತು ಅಂತ ಆ ಗುಂಪಿನ ಎರಡೂ ನೋಡ್‌ಗಳನ್ನು (ವಿಎಂಗಳನ್ನು) ಒಂದೇ ಹೋಸ್ಟ್ ಮೇಲೆ ಕೂರಿಸಬೇಡಿ. ಇನ್ನೊಂದು, ಕೊನೆಯ ಕ್ಷಣದ ನಿಲುಗಡೆ ಮನುಷ್ಯರಿಗೆ ಗೊತ್ತಾಗದಿದ್ದರೂ ಅವರ ಹಾರ್ಟ್‌ಬೀಟ್‌ಗೆ (ಬದುಕಿದ್ದೇನೆ ಅಂತ ನೋಡ್‌ಗಳು ಪರಸ್ಪರ ಕಳಿಸುವ ಸಂದೇಶಕ್ಕೆ) ಗೊತ್ತಾಗಬಹುದು. ಟೈಮ್‌ಔಟ್ ತೀರಾ ಬಿಗಿಯಾಗಿದ್ದರೆ ಪಕ್ಕದ ನೋಡ್ ಇದನ್ನು ಸತ್ತಿದೆ ಅಂದುಕೊಂಡು ಕರೆಂಟ್ ಕಿತ್ತೇಬಿಡುತ್ತದೆ. ಅದಕ್ಕೇ ಡೌನ್‌ಟೈಮ್ ಇಲ್ಲದಿದ್ದರೂ ಮುಂಚೆಯೇ ತಿಳಿಸಿದೆವು.

ಒಂದೇ ಸಲ ಎಷ್ಟು ಹೋಸ್ಟ್ ಖಾಲಿ ಮಾಡಬಹುದು ಅನ್ನುವುದನ್ನು ಸಿಪಿಯು ನೋಡಿ ಲೆಕ್ಕ ಹಾಕಬೇಡಿ, ಮೆಮೊರಿ ನೋಡಿ. ಸಿಪಿಯು ಹಂಚಿಕೊಂಡರೆ ನಿಧಾನವಾಗುತ್ತದೆ ಅಷ್ಟೇ. ಮೆಮೊರಿ ಇಲ್ಲದಿದ್ದರೆ ಜಾಗವೇ ಇಲ್ಲ. ಅದರ ಮೇಲೆ, ಸಾಗಣೆಯ ನಡುವೆ ಬೇರೆ ಯಾವುದೋ ಹೋಸ್ಟ್ ಕೆಟ್ಟರೆ ಅದರ ವಿಎಂಗಳಿಗೂ ಜಾಗ ಉಳಿದಿರಬೇಕು.

ಸೆಫ್ ನೋಡ್‌ಗಳ (ಡೇಟಾ ಇಟ್ಟಿರುವ ಸರ್ವರ್‌ಗಳ) ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ. ಒಂದು ಸಲಕ್ಕೆ ಒಂದೇ ನೋಡ್. ಯಾಕೆ ಅಂದರೆ, ಒಂದು ನೋಡ್ ಆಫ್ ಆದರೆ ಅದರಲ್ಲಿದ್ದ ಡೇಟಾಗೆ ಉಳಿಯುವುದು 2 ಪ್ರತಿ. ನಮ್ಮಲ್ಲಿ ಬರವಣಿಗೆ ನಡೆಯಬೇಕಾದರೆ ಕನಿಷ್ಠ 2 ಪ್ರತಿ ಇರಲೇಬೇಕು ಅಂತ ಇದೆ. ಎರಡನೇ ನೋಡನ್ನೂ ಆಫ್ ಮಾಡಿದರೆ ಎರಡರಲ್ಲೂ ಪ್ರತಿ ಇದ್ದ ಡೇಟಾ ಅಲ್ಲೇ ನಿಲ್ಲುತ್ತದೆ, ಅದನ್ನು ಬಳಸುವ ವಿಎಂಗಳೂ ನಿಲ್ಲುತ್ತವೆ. "ಜೊತೆಗೆ ಎರಡು ತಳ್ಳಿದರೆ ಬೇಗ ಮುಗಿಯುತ್ತಲ್ಲ" ಅಂತ ಕೇಳಿದವರಿಗೆಲ್ಲ ಇದೇ ಲೆಕ್ಕವನ್ನು ಬೋರ್ಡ್ ಮೇಲೆ ಬರೆದು ತೋರಿಸಿದೆ.

ನೋಡ್ ಆಫ್ ಮಾಡುವ ಮುಂಚೆ ನೋಔಟ್ ಫ್ಲ್ಯಾಗ್ ಹಾಕಬೇಕು. ಇಲ್ಲದಿದ್ದರೆ ಡೀಫಾಲ್ಟ್‌ನಲ್ಲಿ 10 ನಿಮಿಷಕ್ಕೆ ಸೆಫ್ ಆ ಡಿಸ್ಕ್‌ಗಳು ಇನ್ನು ಬರುವುದಿಲ್ಲ ಅಂತ ತೀರ್ಮಾನಿಸಿ ಉಳಿದ ನೋಡ್‌ಗಳಲ್ಲಿ ಹೊಸ ಪ್ರತಿ ಮಾಡಲು ಶುರು ಮಾಡುತ್ತದೆ. ಸುಮ್ನೆ ಟೆರಾಬೈಟ್‌ಗಟ್ಟಲೆ ಓಡಾಟ. ಫ್ಲ್ಯಾಗನ್ನು ಇಡೀ ಕ್ಲಸ್ಟರ್‌ಗೆ ಹಾಕದೆ ಆ ಒಂದು ಹೋಸ್ಟ್‌ಗೆ ಮಾತ್ರ ಹಾಕಿ, ಆಗ ಬೇರೆಡೆ ನಿಜವಾಗಿ ಡಿಸ್ಕ್ ಕೆಟ್ಟರೆ ಅದರ ರಿಪೇರಿ ನಡೆಯುತ್ತದೆ. ನೋಡ್ ವಾಪಸ್ ಬಂದ ಮೇಲೆ ಎಲ್ಲವೂ ಆ್ಯಕ್ಟಿವ್ ಕ್ಲೀನ್ (ಎಲ್ಲ ಪ್ರತಿಗಳೂ ಸರಿಯಾಗಿರುವ ಸ್ಥಿತಿ) ಆಗುವವರೆಗೆ ಮುಂದಿನದನ್ನು ಮುಟ್ಟಲಿಲ್ಲ. ಸೆಫ್ ಕ್ಲಸ್ಟರ್‌ನ ಸ್ಥಿತಿಯ ಲೆಕ್ಕ ಇಡುವ 3 ಮಾನಿಟರ್‌ಗಳದ್ದೂ ಇದೇ ಕ್ರಮ, 2 ಇದ್ದರೆ ಬಹುಮತ, 1 ಆದರೆ ಕ್ಲಸ್ಟರ್ ನಿಂತಂತೆ. ಕ್ರಶ್ ಮ್ಯಾಪ್‌ನಲ್ಲಿ (ಯಾವ ಡೇಟಾ ಎಲ್ಲಿರಬೇಕು ಅಂತ ಸೆಫ್ ನಿರ್ಧರಿಸಲು ಬಳಸುವ ನಕ್ಷೆ) ರ‍್ಯಾಕ್‌ನ ಹೆಸರು ಬದಲಿಸುವುದನ್ನು ಕೊನೆಗೆ ಉಳಿಸಿಕೊಂಡೆವು. ಅಲ್ಲಿ ನೋಡ್‌ನ ಜಾಗ ಬದಲಾದರೂ ಡೇಟಾ ಓಡಾಟ ಶುರುವಾಗುತ್ತದೆ.

ಕೈಕೆಲಸದ ಬಗ್ಗೆ ಹೇಳುವುದು ಕಡಿಮೆ. ಹೊಸ ರ‍್ಯಾಕ್‌ನಲ್ಲಿ ರೇಲ್‌ಗಳನ್ನು ಮುಂಚೆಯೇ ಕೂರಿಸಿಡಿ. ಒಂದು ಮಾಡೆಲ್‌ನ ರೇಲ್ ಇನ್ನೊಂದಕ್ಕೆ ಕೂರುವುದೇ ಅಪರೂಪ. ಹೊಸ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಸಾಕೆಟ್ ಪಟ್ಟಿ) ಮೇಲಿರುವುದು ಸಿ13 ಸಾಕೆಟ್ಟೋ ಸಿ19 ಸಾಕೆಟ್ಟೋ ನೋಡಿ ಪವರ್ ಕಾರ್ಡ್ ತರಿಸಿ. ಡಿಸ್ಕ್ ತುಂಬಿದ ಸ್ಟೋರೇಜ್ ನೋಡ್ ತುಂಬಾ ಭಾರ. ನಾವು ಡಿಸ್ಕ್‌ಗಳಿಗೆ ಸ್ಲಾಟ್ ನಂಬರ್ ಅಂಟಿಸಿ, ಹೊರಗೆ ತೆಗೆದು, ಬೇರೆಯಾಗಿ ಸಾಗಿಸಿದೆವು. ಫೈಬರ್ ತುದಿಯನ್ನು ಪ್ರತಿ ಸಲವೂ ಒರೆಸಿಯೇ ಚುಚ್ಚಿ. ಕಣ್ಣಿಗೆ ಕಾಣದ ಧೂಳೇ ಆಮೇಲೆ ಸಿಆರ್‌ಸಿ ಎರರ್ (ಡೇಟಾ ದಾರಿಯಲ್ಲಿ ಕೆಟ್ಟಿದೆ ಅನ್ನುವ ಸೂಚನೆ) ಆಗಿ ಕಾಡುತ್ತದೆ.

ಎಷ್ಟೋ ವರ್ಷ ಬಿಡದೆ ಸುತ್ತಿದ ಹಾರ್ಡ್ ಡಿಸ್ಕ್ ಒಮ್ಮೆ ತಣ್ಣಗಾದ ಮೇಲೆ ಏಳದೇ ಇರಬಹುದು. ನಮಗೂ ಹಾಗಾಯಿತು. 3 ಪ್ರತಿ ಇದ್ದದ್ದರಿಂದ ಆ ಡಿಸ್ಕನ್ನು ತೆಗೆದು ಹೊಸದು ಹಾಕಿದ್ದಷ್ಟೇ ಕೆಲಸ. ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ಆಗ ಸರ್ಟಿಫಿಕೇಟ್‌ಗಳೂ ಒಪ್ಪುವುದಿಲ್ಲ, ಸೆಫ್ ಮಾನಿಟರ್‌ಗಳೂ ಒಪ್ಪುವುದಿಲ್ಲ. ಅವು 0.05 ಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಎಚ್ಚರಿಸುತ್ತವೆ. ಹಾಗಾಗಿ ಬೂಟ್ ಆದ ತಕ್ಷಣ ಮೊದಲು ನೋಡಿದ್ದು ಸಮಯ.

ಆಮೇಲೆ ನೆಟ್‌ವರ್ಕ್. ಇಲ್ಲಿ ಸಿಕ್ಕ ಒಂದು ತೊಂದರೆಯನ್ನು ವಿವರವಾಗಿ ಹೇಳಬೇಕು. ನಮ್ಮ ಸ್ಟೋರೇಜ್ ನೆಟ್‌ವರ್ಕ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಬೈಟ್. ಹೊಸ ಹಾಲ್‌ನ ಒಂದು ಸ್ವಿಚ್‌ನಲ್ಲಿ ಕೆಲವು ಪೋರ್ಟ್‌ಗಳು 1500ರಲ್ಲೇ ಉಳಿದಿದ್ದವು. ಅಂಥ ಪೋರ್ಟ್‌ಗೆ ಸೇರಿದ ಸರ್ವರ್ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಪಿಂಗ್ ಬರುತ್ತದೆ, ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗುತ್ತದೆ. ದೊಡ್ಡ ಪ್ಯಾಕೆಟ್ ಹೋಗಬೇಕಾದಾಗ ಮಾತ್ರ ಎಲ್ಲ ನಿಂತುಬಿಡುತ್ತದೆ, ಯಾವ ಎರರೂ ಇಲ್ಲದೆ. ಹಾಗೇ ಸೆಫ್ ಶುರು ಮಾಡಿದ್ದರೆ ಡಿಸ್ಕ್‌ಗಳು ಎದ್ದು ಬಿದ್ದು ಮಾಡುತ್ತಾ ಇಡೀ ಕ್ಲಸ್ಟರನ್ನು ಎಳೆದಾಡುತ್ತಿದ್ದವು. ನಮ್ಮ ಪರೀಕ್ಷೆಯಲ್ಲಿ 8972 ಬೈಟ್‌ನ ಪಿಂಗ್ ಇತ್ತು, ದಾರಿಯಲ್ಲಿ ತುಂಡು ಮಾಡಬಾರದು ಅನ್ನುವ ಗುರುತು ಹಾಕಿ. ಐಪಿ ಹೆಡರ್ 20, ಐಸಿಎಂಪಿ ಹೆಡರ್ 8, ಸೇರಿದರೆ ಸರಿಯಾಗಿ 9000. ಆ ಪಿಂಗ್ ವಾಪಸ್ ಬರಲಿಲ್ಲ. ಪೋರ್ಟ್ ಸರಿಪಡಿಸಿದೆವು, ಬಂತು. ಸೆಫ್ ಶುರುವಾದದ್ದು ಅದಾದ ಮೇಲೆಯೇ.

ಬಾಂಡ್ ಮಾಡಿದ (ಒಂದರಂತೆ ಸೇರಿಸಿದ) ಎರಡು ಲಿಂಕ್‌ಗಳಲ್ಲಿ ಒಂದು ಬಿದ್ದಿದ್ದರೂ ಮೇಲ್ನೋಟಕ್ಕೆ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ಒಂದೊಂದನ್ನೇ ಕಿತ್ತು ನೋಡಿದೆವು. ಕರೆಂಟಿಗೂ ಹಾಗೇ. ಎರಡು ಕರೆಂಟ್ ಲೈನ್‌ಗಳಲ್ಲಿ ಎ ಫೀಡ್‌ನ ಪ್ಲಗ್ ಕಿತ್ತು ಸರ್ವರ್ ಬದುಕಿದೆಯಾ ನೋಡು, ಹಾಕು, ಬಿ ಫೀಡ್ ಕೀಳು. ಖಾಲಿ ಸರ್ವರ್ ಮೇಲೆ ಇದನ್ನು ಧೈರ್ಯವಾಗಿ ಮಾಡಬಹುದು, ಗ್ರಾಹಕರ ವಿಎಂ ಬಂದ ಮೇಲೆ ಯಾರೂ ಮಾಡುವುದಿಲ್ಲ. ಎಲ್ಲ ದಾಟಿದ ಮೇಲೂ ಮೊದಲು ಹತ್ತಿಸಿದ್ದು ನಮ್ಮದೇ ವಿಎಂಗಳನ್ನು. ಅವು ಒಂದು ರಾತ್ರಿ ಲೋಡ್ ಹೊತ್ತು, ಮೆಮೊರಿ ಎರರ್ ಲಾಗ್ ಖಾಲಿ ಇದ್ದರೆ ಮಾತ್ರ ಗ್ರಾಹಕರದ್ದು.

ಅರ್ಧ ಸರ್ವರ್‌ಗಳು ಆ ಕಡೆ ಹೋದಾಗ ಗೇಟ್‌ವೇ (ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ಟ್ರಾಫಿಕ್ ದಾಟಿಸುವ ರೂಟರ್) ಇನ್ನೂ ಹಳೇ ಹಾಲ್‌ನಲ್ಲೇ ಇತ್ತು. ಹೊಸ ಹಾಲ್‌ನ ಎರಡು ನೆಟ್‌ವರ್ಕ್‌ಗಳ ನಡುವಿನ ಟ್ರಾಫಿಕ್ ಕೂಡ ಹಳೇ ಹಾಲ್‌ಗೆ ಹೋಗಿ ತಿರುಗಿ ಬರುತ್ತಿತ್ತು. ಫೈಬರ್ ಮೇಲಿನ ಲೋಡ್ ಏರಿತು. ಆಗ ವಿಆರ್‌ಆರ್‌ಪಿ (ಯಾವ ರೂಟರ್ ಗೇಟ್‌ವೇ ಆಗಬೇಕು ಅಂತ ನಿರ್ಧರಿಸುವ ಪ್ರೋಟೊಕಾಲ್) ಪ್ರಯಾರಿಟಿ ಬದಲಿಸಿ ಗೇಟ್‌ವೇಯನ್ನು ಹೊಸ ಹಾಲ್‌ಗೆ ತಂದೆವು. ಇದನ್ನು ತೀರಾ ಕೊನೆಗೆ ಬಿಡಬೇಡಿ. ಬಹುಪಾಲು ವಿಎಂಗಳು ಎತ್ತ ಇವೆಯೋ ಗೇಟ್‌ವೇ ಅತ್ತ ಇರಲಿ.

ಕೊನೆಯ ಹೋಸ್ಟ್ ಹೋದ ಮೇಲೂ ಹಳೇ ಹಾಲ್‌ನ ಸ್ವಿಚ್‌ಗಳನ್ನು ತಕ್ಷಣ ಬಿಚ್ಚಲಿಲ್ಲ. ಪ್ರತಿ ಪೋರ್ಟ್‌ನ ಕೌಂಟರ್ ನೋಡಿ, ಟ್ರಾಫಿಕ್ ಇಲ್ಲದ್ದನ್ನು ಮೊದಲು ಕಮಾಂಡ್‌ನಲ್ಲಿ ಶಟ್ ಮಾಡಿ ಹಾಗೇ ಬಿಟ್ಟೆವು. ಯಾರಾದರೂ ಕೂಗಿದರೆ ಕೂತಲ್ಲಿಂದಲೇ ತೆರೆಯಬಹುದು. ಕೇಬಲ್ ಕಿತ್ತ ಮೇಲೆ ಹಾಗಾಗುವುದಿಲ್ಲ. ಹಾಗೆ ಕಾದಾಗ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಹಳೇ ಬ್ಯಾಕಪ್ ಪೆಟ್ಟಿಗೆ ಸಿಕ್ಕಿತು. ಅದರ ಡೇಟಾ ಬೇಕಾದವರನ್ನು ಹುಡುಕಿ, ಅದನ್ನೂ ಸಾಗಿಸಿ, ಆಮೇಲೆ ಕೇಬಲ್ ಎಳೆದೆವು.