ಈಯುವ ಹಂದಿಗೆ ಮೇವು: ಜಗಳೂರು ಸೀಮೆಯಲ್ಲಿ ನನ್ನ ಅನುಭವ

ಹೊಲದಲ್ಲೇ ಬೆಳೆದ ಮೆಕ್ಕೆಜೋಳ, ದಾವಣಗೆರೆಯ ಅಕ್ಕಿ ಗಿರಣಿಗಳ ತೌಡು, ಚಳ್ಳಕೆರೆ ಕಡೆಯ ಶೇಂಗಾ ಹಿಂಡಿ, ಜೊತೆಗೆ ಖನಿಜ ಮಿಶ್ರಣ ಮತ್ತು ಉಪ್ಪು, ಇವೇ ನನ್ನ ಯಾರ್ಕ್‌ಶೈರ್ ಹಂದಿಗಳ ಮೇವು. ವರ್ಷವಿಡೀ ಈ ಮಿಶ್ರಣ ಹೆಚ್ಚು ಬದಲಾಗುವುದಿಲ್ಲವಾದರೂ, ಹಂದಿ ಈಯುವ ಹಿಂದುಮುಂದಿನ ದಿನಗಳಲ್ಲಿ ಅದನ್ನು ಎಷ್ಟು ಮತ್ತು ಯಾವ ಹೊತ್ತಿನಲ್ಲಿ ಕೊಡುತ್ತೇವೆ ಎಂಬುದನ್ನು ಮರಿಗಳ ಉಳಿವು ಬಹುಮಟ್ಟಿಗೆ ಅವಲಂಬಿಸಿದೆ.

ಗಬ್ಬದ ಅವಧಿ ಸುಮಾರು 114 ದಿನಗಳಾದ್ದರಿಂದ, ಗಂಡಿಗೆ ಬಿಟ್ಟ ದಿನವನ್ನು ಬರೆದಿಟ್ಟುಕೊಂಡು, ಒಂದು ವಾರ ಮೊದಲೇ ತಾಯಿಯ ಮೈ ತೊಳೆದು, ಸುಣ್ಣ ಬಳಿದು ಒಣಗಿಸಿದ ಕೋಣೆಗೆ ಸೇರಿಸುತ್ತೇನೆ. ಕೊನೆಯ ಎರಡು ಮೂರು ದಿನ ಮೇವನ್ನು 2 ಕಿಲೋಗೆ ಇಳಿಸಿ, ಅದರಲ್ಲಿ ಮೂರನೇ ಒಂದು ಭಾಗ ಗೋಧಿ ಬೂಸಾ ಇರುವಂತೆ ನೋಡಿಕೊಳ್ಳುತ್ತೇನೆ. ಮಲಬದ್ಧತೆಯಾದರೆ ಹೆರಿಗೆ ತ್ರಾಸವಾಗುತ್ತದೆ, ಜ್ವರ ಬಂದು ಹಾಲೂ ಇಳಿಯುತ್ತದೆ. ಈಯುವ ದಿನ ಹಂದಿಯನ್ನು ಪೂರ್ತಿ ಉಪವಾಸ ಕೆಡವುವ ರೂಢಿ ನಮ್ಮ ಕಡೆ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಹೆರಿಗೆ ಹಲವು ಗಂಟೆ ನಡೆಯುವ ದುಡಿಮೆ. ಹೊಟ್ಟೆಗೆ ಬಿದ್ದು ಬಹಳ ಹೊತ್ತಾಗಿದ್ದರೆ ತಾಯಿಯ ಕಸುವು ಕುಂದಿ, ನೋವು ಸಡಿಲಾಗಿ, ಕೊನೆಯಲ್ಲಿ ಬರುವ ಮರಿಗಳು ಒಳಗೇ ಉಸಿರುಗಟ್ಟುವ ಅಪಾಯವಿರುತ್ತದೆ. ಆದ್ದರಿಂದ ಅದೇ 2 ಕಿಲೋವನ್ನು ಮೂರು ಹೊತ್ತಿಗೆ ಹಂಚಿ, ರಾತ್ರಿ ಮಲಗುವ ಮುನ್ನವೂ ಒಂದಿಷ್ಟು ನೆನೆಸಿದ ಬೂಸಾ ಇಡುತ್ತೇನೆ.

ಕಳೆದ ಹಂಗಾಮಿನ ಜೋಳ ಮಳೆಯಲ್ಲಿ ನೆನೆದು ಬೂಷ್ಟು ವಾಸನೆ ಹಿಡಿದಿದ್ದರೆ, ಎಷ್ಟೇ ಅಗ್ಗವಾಗಿ ಸಿಕ್ಕರೂ ಗಬ್ಬದ ಹಂದಿಯ ಬಾನಿಗೆ ಅದನ್ನು ಹಾಕಲೇಬಾರದು.

ಮರಿ ಹಾಕಿದ ಮೇಲೆ ಮೊದಲ ಆರು ಗಂಟೆಯೊಳಗೆ ಪ್ರತಿಯೊಂದು ಮರಿಯೂ ಗಿಣ್ಣುಹಾಲು ಕುಡಿಯುವಂತೆ ನೋಡಿಕೊಂಡು, ಮೂಲೆಯಲ್ಲಿ ಬಲ್ಬು ಉರಿಸಿ ಬೆಚ್ಚಗಿಡುತ್ತೇನೆ. ಮೂರನೇ ದಿನ ಕಬ್ಬಿಣಾಂಶದ ಚುಚ್ಚುಮದ್ದು ಕೊಡಿಸುತ್ತೇನೆ. ತಾಯಿಗೆ ಮಾರನೆಯ ದಿನ 2 ಕಿಲೋದಿಂದ ಆರಂಭಿಸಿ ದಿನಕ್ಕೆ ಅರ್ಧ ಕಿಲೋದಂತೆ ಏರಿಸುತ್ತಾ, ತನಗೆ 2 ಕಿಲೋ ಮತ್ತು ಮರಿಯೊಂದಕ್ಕೆ ಸುಮಾರು 400 ಗ್ರಾಂ ಎಂಬ ಲೆಕ್ಕ ಮುಟ್ಟಿಸುತ್ತೇನೆ. ಒಮ್ಮೆಲೇ ಸುರಿದರೆ ಮೇವು ಬಿಟ್ಟು ಮಲಗುತ್ತದೆ. ಹಾಲೂಡುವ ಹಂದಿಗೆ ದಿನಕ್ಕೆ 20 ಲೀಟರಿಗೂ ಹೆಚ್ಚು ನೀರು ಬೇಕು. ಏಪ್ರಿಲ್ ತಿಂಗಳಲ್ಲಿ ತೊಟ್ಟಿಯ ನೀರು ಕಾದು ಹೋಗುವುದರಿಂದ ಅದರ ಮೇಲೆ ಸೋಗೆಯ ಚಪ್ಪರ ಹಾಕಿಸಿದ್ದೇನೆ. ಮೇವನ್ನೂ ನಸುಕಿನಲ್ಲಿ ಮತ್ತು ಹೊತ್ತು ಮುಳುಗಿದ ಮೇಲೆ ಕಲಸಿ ಕೊಡುತ್ತೇನೆ.

ಈದ ಮೊದಲ ಮೂರು ದಿನ ತಾಯಿ ಬಾನಿಯ ಬಳಿಗೆ ಏಳದೆ, ಕೆಚ್ಚಲು ಗಟ್ಟಿಯಾಗಿ ಮೈ ಕಾಯುತ್ತಿದ್ದರೆ ಸಂಜೆಯವರೆಗೂ ಕಾಯದೆ ಪಶುವೈದ್ಯರನ್ನು ಕರೆಸುತ್ತೇನೆ, ಏಕೆಂದರೆ ಅಷ್ಟರಲ್ಲಿ ಹಸಿದ ಮರಿಗಳು ಸೊರಗಿಬಿಡುತ್ತವೆ.