ಗುಜರಿ ಸೈಕಲ್ಲಿನಿಂದ ನೂಲುವ ರಾಟೆ

ಸುಗ್ಗಿಯಲ್ಲಿ ಹತ್ತಿ ಹೇರಿದ ಲಾರಿಗಳು ಶಹಾಪುರದ ರಸ್ತೆ ದಾಟಿದ ಮೇಲೆ ಬದಿಯ ಜಾಲಿ ಮುಳ್ಳುಗಳಿಗೆ ಬಿಳಿ ಎಳೆಗಳು ಸಿಕ್ಕಿಕೊಂಡಿರುತ್ತವೆ. ಯಾದಗಿರಿ ಜಿಲ್ಲೆಯಲ್ಲಿ ಹತ್ತಿಗೆ ಬರವಿಲ್ಲ, ಬರ ಇರುವುದು ರಾಟೆಗೆ. ಮರದ ರಾಟೆ ಮಾಡಿಕೊಡುವ ಬಡಿಗರನ್ನು ಹುಡುಕಿ ಸೋತ ನಾನು ಕೊನೆಗೆ ಗುಜರಿ ಅಂಗಡಿಗೆ ಹೋದೆ. ಅಲ್ಲಿ ಸಿಕ್ಕಿದ್ದು 28 ಇಂಚಿನ ಹಳೆಯ ಸೈಕಲ್ಲಿನ ಮುಂದಿನ ಗಾಲಿ ಮತ್ತು ಅದನ್ನು ಹಿಡಿದಿದ್ದ ಫೋರ್ಕ್. ಅರ್ಧ ರಾಟೆ ಅಲ್ಲಿಗೇ ಆಯಿತು.

ಟೈರು, ಟ್ಯೂಬು ತೆಗೆದುಹಾಕಿ. ಕದಿರನ್ನು, ಅಂದರೆ ನೂಲು ಸುತ್ತಿಕೊಳ್ಳುವ ಚೂಪು ಸರಳನ್ನು, ತಿರುಗಿಸುವ ಹುರಿ ರಿಮ್ಮಿನ ತಗ್ಗಿನಲ್ಲೇ ಓಡುತ್ತದೆ. ಕಡ್ಡಿಗಳ ತಲೆ ಹುರಿಯನ್ನು ಸವೆಸದಂತೆ ಹಳೆಯ ಟ್ಯೂಬಿನ ಪಟ್ಟಿಯೊಂದನ್ನು ಒಳಗೆ ಸುತ್ತಿ, ಹಿಡಿತವೂ ಸಿಗುತ್ತದೆ. ಗಾಲಿ ಪಕ್ಕಕ್ಕೆ ಕೊಂಚ ಓಲಾಡಿದರೆ ಪರವಾಗಿಲ್ಲ. ಮೇಲೆ ಕೆಳಗೆ ಎಗರುತ್ತಿದ್ದರೆ ಮಾತ್ರ ರಿಪೇರಿ ಅಂಗಡಿಯಲ್ಲಿ ಕಡ್ಡಿ ಬಿಗಿಸಿ ಸರಿಮಾಡಿಸಿ, ಇಲ್ಲದಿದ್ದರೆ ಪ್ರತಿ ಸುತ್ತಿಗೂ ಹುರಿ ಸಡಿಲಾಗಿ ಬಿಗಿಯಾಗುತ್ತದೆ. ಗಾಲಿಯ ನಡುವಿನ ಹಬ್ಬಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸಿನ ಬದಲು ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಹೊರೆ ಹೊರುವ ಗಾಲಿ ಇದಲ್ಲ.

ಫೋರ್ಕನ್ನು ತಲೆಕೆಳಗಾಗಿ ನಿಲ್ಲಿಸಬೇಕು. ಆದರೆ ಮೊದಲು ಒಂದು ಕಾಲನ್ನು ಬುಡದಲ್ಲೇ ಕತ್ತರಿಸಬೇಕು. ಕಾರಣವಿದೆ. ಸೈಕಲ್ಲಿನಲ್ಲಿ ಅಚ್ಚು ತಿರುಗುವುದಿಲ್ಲ, ಅದರ ಸುತ್ತ ಹಬ್ಬು ತಿರುಗುತ್ತದೆ. ಹಾಗಾಗಿ ಹಿಡಿಕೆಯನ್ನು ಅಚ್ಚಿಗೆ ಹಾಕಿ ಫಲವಿಲ್ಲ, ಕಡ್ಡಿಗಳಿಗೇ ಕಟ್ಟಬೇಕು. ಎರಡೂ ಕಾಲು ಉಳಿಸಿಕೊಂಡರೆ ಹಿಡಿಕೆ ಪ್ರತಿ ಸುತ್ತಿನಲ್ಲೂ ಫೋರ್ಕಿಗೆ ಬಡಿಯುತ್ತದೆ. ನೂಲುವವರು ಕೂರುವ ಬದಿಯ ಕಾಲು ಹೋಗಲಿ. ಉಳಿದ ಒಂದೇ ಕಾಲು ಗಾಲಿಯನ್ನು ಆರಾಮವಾಗಿ ಹೊರುತ್ತದೆ. ಅಂಗೈಯಗಲದ ಪ್ಲೈವುಡ್ ತುಂಡನ್ನು ತಂತಿಯಿಂದ ಕಡ್ಡಿಗಳಿಗೆ ಬಿಗಿದು, ನಡುವಿನಿಂದ 8 ಸೆಂಟಿಮೀಟರ್ ದೂರಕ್ಕೆ ಉದ್ದನೆಯ ಬೋಲ್ಟು ಹಾಕಿದರೆ ಅದೇ ಹಿಡಿಕೆ. ಗಾಲಿ ಹಿಡಿಕೆಯ ಭಾರಕ್ಕೆ ವಾಲಿದರೆ ಎದುರು ಬದಿಗೆ ಒಂದೆರಡು ನಟ್ಟು ಕಟ್ಟಿ.

ಅಡಿಹಲಗೆಗೆ ಬೇವು ಸಾಕು: ಮೂರಡಿ ಉದ್ದ, ಒಂದೂವರೆ ಇಂಚು ದಪ್ಪ. ಒಂದು ತುದಿಗೆ ದಪ್ಪ ಮರದ ದಿಮ್ಮಿ ಜಡಿದು, ಒಂದಿಂಚು ತೂತು ಕೊರೆದು, ಫೋರ್ಕಿನ ಕೊಳವೆಯನ್ನು ಅಳತೆಗೆ ಕತ್ತರಿಸಿ ಇಳಿಸಿ. ಅದು ತಿರುಗದಂತೆ ಅಡ್ಡಲಾಗಿ ಒಂದು ಬೋಲ್ಟು ಬೇಕು. ಹಲಗೆ ಮಗುಚದಂತೆ ಎರಡು ತುದಿಗೂ ಅಡ್ಡಪಟ್ಟಿ ಹೊಡೆಯಿರಿ.

ಇಷ್ಟು ಅರ್ಧ ದಿನದ ಕೆಲಸ. ನನಗೆ ಎರಡು ವಾರ ಹಿಡಿದದ್ದು ಕದಿರಿಗೆ.

ಗಾಲಿ ಎಷ್ಟು ಚೆನ್ನಾಗಿದ್ದರೂ ನೂಲು ಹುಟ್ಟುವುದು ಕದಿರಿನ ಮೊನೆಯಲ್ಲಿ. ಮಡ್‌ಗಾರ್ಡ್ ಹಿಡಿದಿಡುವ ಸರಳಿನಿಂದ ನೆಟ್ಟಗಿರುವ 20 ಸೆಂಟಿಮೀಟರ್ ತುಂಡು ಕತ್ತರಿಸಿ. ಗಾಜಿನ ಮೇಲೆ ಉರುಳಿಸಿ ನೋಡಿ. ಕೆಳಗೆ ಬೆಳಕು ಮಿಣುಕಿದರೆ ಸೊಟ್ಟಗಿದೆ ಎಂದರ್ಥ. ತಟ್ಟಿ ನೇರ ಮಾಡಿ, ಒಂದು ತುದಿಯನ್ನು ಅರದಿಂದ ಚೂಪಾಗಿಸಿ, ನೂಲು ಸಿಕ್ಕಿಕೊಳ್ಳದಂತೆ ಪಾಲಿಶ್ ಕಾಗದದಿಂದ ನುಣ್ಣಗೆ ಉಜ್ಜಿ. ಇಷ್ಟೇಕೆ ಎಂದರೆ, ರಿಮ್ಮಿನ ತಗ್ಗಿನ ವ್ಯಾಸ ಸುಮಾರು 620 ಮಿಲಿಮೀಟರ್. ಕದಿರಿನ ಮೇಲೆ ಹುರಿ ಓಡಲು ದಾರ ಮತ್ತು ಅಂಟಿನಿಂದ ಕಟ್ಟುವ ಸುರುಳಿ 12 ಮಿಲಿಮೀಟರ್. ಗಾಲಿ ಒಂದು ಸುತ್ತು ಹೋದರೆ ಕದಿರು ಸುಮಾರು 50 ಸುತ್ತು ಹೋಗುತ್ತದೆ. ನಿಮಿಷಕ್ಕೆ 40 ಬಾರಿ ಹಿಡಿಕೆ ತಿರುಗಿಸಿದರೆ 2,000 ಸುತ್ತು. ಆ ವೇಗದಲ್ಲಿ ಕೂದಲೆಳೆಯಷ್ಟು ಸೊಟ್ಟವೂ ನೂಲನ್ನು ಕಡಿಯುತ್ತದೆ.

ಕದಿರನ್ನು ಹಿಡಿಯಲು ಬೇರಿಂಗ್ ಬೇಡ. ಗಾಲಿಯ ಅಚ್ಚಿನಿಂದ ಎರಡಡಿ ದೂರಕ್ಕೆ ಎರಡು ಗೂಟ ನೆಟ್ಟು, ಹಳೆಯ ಚಪ್ಪಲಿಯ ಚರ್ಮದ ಎರಡು ಕಿವಿಗಳನ್ನು ಸಿಕ್ಕಿಸಿ, ದಬ್ಬಣದಿಂದ ತೂತು ಮಾಡಿ, ಹರಳೆಣ್ಣೆ ಬಿಡಿ. ಸುರುಳಿ ಎರಡು ಕಿವಿಗಳ ನಡುವೆ ಇರಲಿ, ಮೊನೆ ನಿಮ್ಮ ಕಡೆಗೆ ಚಾಚಿರಲಿ. ಈ ಏರ್ಪಾಡು ನನ್ನದಲ್ಲ. ಕಲ್ಯಾಣದ ಕಾಲದ ಶರಣೆ ಕದಿರ ರೆಮ್ಮವ್ವೆ ತನ್ನ ವಚನದಲ್ಲಿ ಅಡಿಹಲಗೆ, ಕದಿರುಗಳ ಜೊತೆಗೆ ಈ ಜೋಡಿ ಕಿವಿಗಳನ್ನೂ ಹೆಸರಿಸಿದ್ದಾಳೆ.

ಹುರಿ ಹತ್ತಿಯದೇ ಇರಲಿ, ಮೇಣ ಸವರಿರಲಿ. ದಪ್ಪ ಗಂಟು ಹಾಕಿದರೆ ಸುರುಳಿಯ ಮೇಲೆ ಟಕ್ ಟಕ್ ಎಂದು ಎಗರುತ್ತದೆ. ಎರಡು ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿಯಿರಿ. ರಿಮ್ಮಿನ ನಡುವೂ ಸುರುಳಿಯ ನಡುವೂ ಒಂದೇ ಸಾಲಿನಲ್ಲಿರಬೇಕು. ನನ್ನ ಮೊದಲ ರಾಟೆಯಲ್ಲಿ ಎರಡು ಸೆಂಟಿಮೀಟರ್ ತಪ್ಪಿತ್ತು. ಹತ್ತು ಸುತ್ತಿಗೊಮ್ಮೆ ಹುರಿ ಜಾರುತ್ತಿತ್ತು, ನಾನು ಪಾಪದ ಗಾಲಿಯನ್ನು ಬೈಯುತ್ತಿದ್ದೆ. ಗೂಟ ನೆಡುವ ಮೊದಲು ದಾರ ಹಿಡಿದು ನೋಡಿದ್ದರೆ ಮುಗಿಯುತ್ತಿತ್ತು.

ಎರಡು ಕದಿರು ಕೂರಿಸಬಹುದೇ ಎಂದು ಕೇಳುವ ಉತ್ಸಾಹಿಗಳಿಗೆ ಒಂದು ಮಾತು: ಹೆಚ್ಚು ನೂಲು ತೆಗೆಯುವ ಚರಕಕ್ಕೆ 1929ರಲ್ಲಿ ಅಖಿಲ ಭಾರತ ಚರಕಾ ಸಂಘ ಒಂದು ಲಕ್ಷ ರೂಪಾಯಿ ಬಹುಮಾನವನ್ನೇ ಸಾರಿತ್ತು. ಅದು ಯಾರ ಕೈಗೂ ಹೋಗಲಿಲ್ಲ. ಮೊದಲು ಒಂದನ್ನು ಪಳಗಿಸಿ.

ಇನ್ನು ನೂಲುವುದು. ಹಿಂಜಿದ ಹತ್ತಿಯನ್ನು ಕಡ್ಡಿಗೆ ಸುತ್ತಿ ಉರುಳಿಸಿ, ಕಡ್ಡಿ ಎಳೆದರೆ ಹಂಜಿ ಸಿದ್ಧ. ಕದಿರಿಗೆ ಕಟ್ಟಿದ ದಾರವನ್ನು ಹಂಜಿಯ ತುದಿಗೆ ಒತ್ತಿ, ಬಲಗೈಯಲ್ಲಿ ಗಾಲಿ ತಿರುಗಿಸುತ್ತ ಎಡಗೈಯನ್ನು ಓರೆಯಾಗಿ ಹಿಂದಕ್ಕೆ ಒಯ್ಯಿರಿ. ಪ್ರತಿ ಸುತ್ತಿಗೂ ದಾರ ಮೊನೆಯಿಂದ ಜಾರಬೇಕು, ಹಾಗೆ ಜಾರಿದಾಗಲೇ ನೂಲಿಗೆ ತಿರುಚು ಏರುತ್ತದೆ. ಕೈ ಚಾಚುವಷ್ಟು ನೂಲಾದ ಮೇಲೆ ಗಾಲಿಯನ್ನು ತುಸು ಹಿಂದಕ್ಕೆ ತಿರುಗಿಸಿ ಮೊನೆಯ ಸುತ್ತು ಬಿಚ್ಚಿ, ನೂಲನ್ನು ಕದಿರಿಗೆ ನೇರ ಅಡ್ಡ ಹಿಡಿದು ಸುತ್ತಿಕೊಳ್ಳಿ. ಕುರಿ ಉಣ್ಣೆ ನೂಲುವವರು ಸುರುಳಿಯನ್ನು 25 ಮಿಲಿಮೀಟರಿಗೆ ದಪ್ಪ ಮಾಡಿಕೊಳ್ಳಲಿ. ಉಣ್ಣೆಗೆ ಅಷ್ಟು ಸುತ್ತು ಬೇಡ.

ಮೊದಲ ವಾರದ ನೂಲು ಒಂದು ಕಡೆ ಹಗ್ಗ, ಇನ್ನೊಂದು ಕಡೆ ಜೇಡರ ಬಲೆ. ಎಸೆಯಬೇಡಿ. ನಾಲ್ಕೆಳೆ ಸೇರಿಸಿ ಹೊಸೆದು ಮೇಣ ಸವರಿ. ರಾಟೆಯ ಹುರಿ ಸವೆದಾಗ ಅದನ್ನೇ ಹಾಕಬಹುದು. ನನ್ನ ರಾಟೆ ಈಗ ಓಡುತ್ತಿರುವುದು ಅದರ ಮೇಲೆಯೇ.