ಮಗುವಿನ ಬಟ್ಟೆಯ ಮೇಲಿನ ತಿಂಗಳ ಚೀಟಿ ಬಿಡಿ, ಟೇಪು ಹಿಡಿಯಿರಿ

ನಮ್ಮ ತಂಗಿಯ ಮಗನಿಗೆ ಆರು ತಿಂಗಳು. ತಲೆ ದಪ್ಪ, ಮೈ ಉದ್ದ, ಕಾಲು ಗಿಡ್ಡ, ತೊಡೆ ಮಡಿಕೆ ಮಡಿಕೆ. ನಾಮಕರಣಕ್ಕೆ ಬಂದ ಬಟ್ಟೆಗಳಲ್ಲಿ ಒಂದೂ ಸರಿಹೋಗಲಿಲ್ಲ. ತಲೆ ದಾಟಿದ್ದು ತೊಡೆಯಲ್ಲಿ ಸಿಕ್ಕಿಕೊಂಡಿತು. ತೊಡೆಗೆ ಆಗಿದ್ದರ ಕಾಲು ಅರ್ಧ ಗೇಣು ಜೋತಾಡಿತು. ಚೀಟಿಯ ಮೇಲಿನ ‘6–9 ತಿಂಗಳು’ ಸುಮ್ನೆ ಒಂದು ಅಂದಾಜು. ಅದೂ ಕಂಪನಿಗೊಂದು ಥರ.

ಗಾಂಧಿ ಬಜಾರಿಗೆ ಹೊರಡುವ ಮೊದಲು, ಮಗು ಮಲಗಿದ್ದಾಗ ಅಳತೆ ತೆಗೆಯಿರಿ. ಹುಬ್ಬಿನ ಮೇಲೆ ತಲೆಯ ಸುತ್ತ, ಹೊಟ್ಟೆಯ ಸುತ್ತ, ತೊಡೆಯ ದಪ್ಪ ಭಾಗದ ಸುತ್ತ. ಎಲ್ಲರೂ ಮರೆಯುವುದು ಇನ್ನೊಂದಿದೆ. ಹೆಗಲಿನಿಂದ ಟೇಪು ಇಳಿಸಿ, ಕಾಲಸಂದಿಯಲ್ಲಿ ಹಾಯಿಸಿ, ಬೆನ್ನಿನ ಮೇಲಿಂದ ಅದೇ ಹೆಗಲಿಗೆ ತನ್ನಿ. ಡೈಪರ್ ಹಾಕಿಯೇ ಅಳೆಯಿರಿ. ಬಟ್ಟೆಯ ಡೈಪರ್ ಆದರೆ ದಪ್ಪ ಇನ್ನೂ ಜಾಸ್ತಿ. ರಾಂಪರ್, ಅಂದರೆ ಅಂಗಿ-ಚಡ್ಡಿ ಒಂದೇ ಆಗಿರುವ ಬಟ್ಟೆ, ಆಗುತ್ತದೋ ಇಲ್ಲವೋ ಎಂದು ಹೇಳುವುದು ಈ ಅಳತೆಯೇ.

ಅಂಗಡಿಯಲ್ಲಿ ಬಟ್ಟೆಯನ್ನು ಟೇಬಲ್ ಮೇಲೆ ಹರಡಿ, ಅಗಲ ಅಳೆದು ಎರಡರಿಂದ ಗುಣಿಸಿ. ಮಗುವಿನ ಅಳತೆಗಿಂತ ಎರಡು ಬೆರಳಷ್ಟು ಸಡಿಲ ಇರಲಿ. ಅಂಗಡಿಯವರು ‘ಬೆಳೆಯುವ ಮಗು ಅಲ್ವಾ, ಎರಡು ಸೈಜ್ ದೊಡ್ಡದು ಕೊಡ್ತೀನಿ’ ಅನ್ನುತ್ತಾರೆ. ನಗುತ್ತಲೇ ಟೇಪು ತೆಗೆಯಿರಿ.

ತಲೆ ದೊಡ್ಡದಿದ್ದರೆ ಹೆಗಲ ಮೇಲೆ ಬಟ್ಟೆ ಒಂದರ ಮೇಲೊಂದು ಬರುವ ಕತ್ತಿನದನ್ನು ಆರಿಸಿ. ಕತ್ತು ಅಗಲವಾಗಿ ತೆರೆಯುತ್ತದೆ. ಡೈಪರ್ ಸೋರಿದ ದಿನ ತಲೆಗೆ ತಾಗಿಸದೆ ಕಾಲಿನ ಕಡೆಯಿಂದಲೇ ಎಳೆದು ತೆಗೆಯಬಹುದು. ಅಜ್ಜಿಯಂದಿರ ಕಾಲದ, ಎದೆಯ ಕಡೆ ದಾರ ಕಟ್ಟುವ ಜಬಲ ಇದಕ್ಕಿಂತಲೂ ವಾಸಿ. ಆದರೆ ಕತ್ತಿನ ಹತ್ತಿರದ ದಾರ ಗಿಡ್ಡ ಇರಲಿ, ಉದ್ದ ದಾರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಅಂದ ಹಾಗೆ, ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ., ಒಂದು ವರ್ಷ ತುಂಬುವಾಗ 46ರ ಹತ್ತಿರ. ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದೇ. ಆದರೆ ತಲೆ ಬೇಗಬೇಗ ದೊಡ್ಡದಾಗುತ್ತಿದೆ, ಅಥವಾ ಒಂದು ಕಾಲು ಗಿಡ್ಡ ಅನಿಸಿದರೆ ಟೈಲರ್ ಹತ್ತಿರ ಅಲ್ಲ, ಮಕ್ಕಳ ಡಾಕ್ಟರ್ ಹತ್ತಿರ ಹೋಗಿ.

ಮೈ ಉದ್ದ, ಕಾಲು ಗಿಡ್ಡ ಇದ್ದರೆ ಕಾಲಿರುವ ರಾಂಪರ್ ಬೇಡ. ಅಂಗಿ ಬೇರೆ, ಚಡ್ಡಿ ಬೇರೆ ಕೊಳ್ಳಿ. ಪ್ಯಾಂಟಿನ ಕಾಲು ಉದ್ದವಾದರೆ ಕತ್ತರಿಸಬೇಡಿ, ಒಳಕ್ಕೆ ಮಡಿಚಿ ದೊಡ್ಡ ಹೊಲಿಗೆ ಹಾಕಿ. ಬೆಳೆದಂತೆ ಬಿಚ್ಚಬಹುದು.

ತೊಡೆಗೆ ಬಿಗಿಯೇ? ಇಲಾಸ್ಟಿಕ್ ಕೆಂಪು ಗೆರೆ ಮೂಡಿಸಿದರೆ ಬದಲಿಸಿ. ಚಡ್ಡಿಯೇ ಸಣ್ಣದಾದರೆ, ಎರಡು ಕಾಲು ಸೇರುವ ಕಡೆ ಹೊಲಿಗೆ ಬಿಚ್ಚಿ ಹಳೆ ಬನಿಯನ್ನಿನ ಚೌಕ ತುಂಡು ಕೂಡಿಸಲು ಟೈಲರಿಗೆ ಹೇಳಿ. ಚಿಕ್ಕ ಕೆಲಸ. ಕಾಲು ಅಗಲಿಸಿ ಆಡಲೂ ಜಾಗ ಸಿಗುತ್ತದೆ.

ಆದರೆ ತಿದ್ದಿಸುವ ಮೊದಲು ಒಮ್ಮೆ ಒಗೆಯಿರಿ, ಹತ್ತಿ ಬಟ್ಟೆ ಕುಗ್ಗುತ್ತದೆ. ನಮ್ಮ ಕಡೆ ಆಷಾಢದಲ್ಲಿ ಒಣಗಿಸುವುದೇ ಕಷ್ಟ. ದಪ್ಪದ್ದೊಂದರ ಬದಲು ತೆಳುವಾದ ಎರಡು ಹಾಕಿದರೆ ಚಳಿಯೂ ತಡೆಯುತ್ತದೆ, ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಂದೇ ರಾತ್ರಿಗೆ ಒಣಗುತ್ತದೆ. ಸ್ವಲ್ಪ ಹೊಗೆ ವಾಸನೆ ಬಂದೇ ಬರುತ್ತದೆ, ಬಿಡಿ.